ಹೈಬ್ರಿಡ್ ಕಾರು, ಒಂದು ನೋಟ್‌ಬುಕ್ಕು, ಎರಡು ವರ್ಷದ ಪೆಟ್ರೋಲ್ ಲೆಕ್ಕ

ಕಾರು ತಗೊಂಡ ದಿನದಿಂದ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟಿದ್ದೇನೆ. ಪೆಟ್ರೋಲ್ ಹಾಕಿಸಿದಾಗೆಲ್ಲ ಮೀಟರ್ ರೀಡಿಂಗ್, ಲೀಟರ್, ರೂಪಾಯಿ ಮೂರನ್ನೂ ಅದರಲ್ಲಿ ಬರೆಯುತ್ತೇನೆ. ಹೆಂಡತಿ ಅದಕ್ಕೆ ಹಾಲಿನ ಲೆಕ್ಕದ ಪುಸ್ತಕ ಅಂತ ಹೆಸರಿಟ್ಟಿದ್ದಾಳೆ.

ನನ್ನದು ಟೊಯೋಟ ಹೈರೈಡರ್, ಸ್ಟ್ರಾಂಗ್ ಹೈಬ್ರಿಡ್. ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ, ಮೋಟಾರೂ ಇದ್ದು, ಎಂಜಿನ್ ಆಫ್ ಇದ್ದಾಗಲೂ ಸ್ವಲ್ಪ ದೂರ ಓಡುವ ಕಾರು. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇರುವ ಗೆಳೆಯನ ಹತ್ತಿರ ಅದೇ ಕಾರಿನ ಮಾಮೂಲಿ ಪೆಟ್ರೋಲ್ ಆಟೋಮ್ಯಾಟಿಕ್ ಇದೆ. ಮಾಮೂಲಿ ಅಂದೆ, ಆದರೆ ಅದನ್ನೂ ಮೈಲ್ಡ್ ಹೈಬ್ರಿಡ್ ಅಂತಲೇ ಮಾರುತ್ತಾರೆ, ಹೆಸರಿಗೆ ಮರುಳಾಗಬೇಡಿ, ಅದರಲ್ಲಿ ಎಂಜಿನ್ ಆಫ್ ಇದ್ದರೆ ಕಾರು ಒಂದಡಿಯೂ ಮುಂದೆ ಹೋಗುವುದಿಲ್ಲ. ಇಬ್ಬರೂ ದಿನಾ ಬನಶಂಕರಿಯಿಂದ ಸಿಲ್ಕ್ ಬೋರ್ಡ್ ದಾಟಿ ಮಾರತಹಳ್ಳಿಗೆ ಹೋಗುವವರು. ಕಾರೂ ಒಂದೇ, ರಸ್ತೆಯೂ ಒಂದೇ, ಹೋಲಿಸಲಿಕ್ಕೆ ಇನ್ನೇನು ಬೇಕು? ಅವನಿಗೂ ಒಂದು ನೋಟ್‌ಬುಕ್ ಕೊಡಿಸಿದೆ.

ಕಂಪನಿ ಹೇಳುವ ಮೈಲೇಜ್ ನನ್ನದಕ್ಕೆ ಲೀಟರಿಗೆ 27.97 ಕಿ.ಮೀ., ಅವನದಕ್ಕೆ 20.58. ಈ ಎರಡು ಅಂಕಿ ನಂಬಿ ಲೆಕ್ಕ ಹಾಕಿದ್ದರೆ ಪೂರ್ತಿ ದಾರಿ ತಪ್ಪುತ್ತಿದ್ದೆ. ಡಿಸ್‌ಪ್ಲೇಯಲ್ಲಿ ಬರುವ ಸರಾಸರಿಯೂ ಅಷ್ಟೇ. ಒಂದು ಸಲ ಅದು 23.1 ತೋರಿಸಿತ್ತು, ನಾನು ಲೆಕ್ಕ ಹಾಕಿದರೆ 812 ಕಿ.ಮೀ.ಗೆ 37.9 ಲೀಟರ್, ಅಂದರೆ 21.4.

ಅಳೆಯುವುದು ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ, ಅಂದರೆ ಟ್ಯಾಂಕ್ ತುಂಬಿಸಿ ಓಡಿಸಿ, ಮತ್ತೆ ತುಂಬಿಸಿದಾಗ ಹಿಡಿದ ಲೀಟರಿನಿಂದ ಓಡಿದ ಕಿ.ಮೀ. ಭಾಗಿಸುವುದು. ಕೇಳೋಕೆ ಸುಲಭ, ಅಲ್ವಾ? ಶುರುವಿನಲ್ಲಿ ನನಗೆ ಒಂದು ಟ್ಯಾಂಕಿಗೆ 25 ಬಂತು, ಮುಂದಿನದಕ್ಕೆ 18. ಕಾರಿಗೇನೋ ಆಗಿದೆ ಅಂತ ಗಾಬರಿಯಾಗಿದ್ದೆ. ಆಮೇಲೆ ಬಂಕಿನಲ್ಲಿ ಇಳಿದು ನಿಂತು ನೋಡಿದೆ. ಪೈಪು ಟಕ್ ಅಂತ ತಾನೇ ನಿಂತ ಮೇಲೆ ಹುಡುಗ "ರೌಂಡ್ ಮಾಡ್ಲಾ ಸಾರ್" ಅಂತ ಕೇಳಿ, ನಾನು ತಲೆ ಆಡಿಸುವ ಮೊದಲೇ ಇನ್ನೂ ಎರಡು ಲೀಟರ್ ಕುತ್ತಿಗೆವರೆಗೂ ತುಂಬಿಸುತ್ತಿದ್ದ. ಒಂದು ಸಲ ಹಾಗೆ ತುಂಬಿಸಿ ಇನ್ನೊಂದು ಸಲ ಬಿಟ್ಟರೆ ಲೆಕ್ಕ ಎಲ್ಲಿ ನಿಲ್ಲುತ್ತೆ? ಅವತ್ತಿನಿಂದ ಒಂದೇ ಬಂಕು, ಮೊದಲ ಟಕ್‌ಗೇ ಸಾಕು, ಮೂರು ಟ್ಯಾಂಕಿನ ಸರಾಸರಿ.

ಹೀಗೆ ಬಂದ ಅಂಕಿ ಇವು. ಊರೊಳಗೆ ನನ್ನದು 21.4, ಅವನದು 11.8. ಪೆಟ್ರೋಲ್ ಲೀಟರಿಗೆ 103 ಅಂತ ಹಿಡಿದರೆ ನನಗೆ ಕಿ.ಮೀ.ಗೆ 4 ರೂಪಾಯಿ 81 ಪೈಸೆ, ಅವನಿಗೆ 8 ರೂಪಾಯಿ 73 ಪೈಸೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗ ಇದು ಕಣ್ಣಿಗೇ ಕಾಣುತ್ತದೆ. ನನ್ನ ಎಂಜಿನ್ ಆಫ್, ಎ.ಸಿ. ಮಾತ್ರ ಬ್ಯಾಟರಿಯಲ್ಲಿ ಓಡುತ್ತಿರುತ್ತದೆ, ಮುಂದಿನ ಆಟೋ ನಾಲ್ಕಡಿ ಜರುಗಿದರೆ ನಾನೂ ಮೋಟಾರಿನಲ್ಲೇ ಸದ್ದಿಲ್ಲದೆ ನಾಲ್ಕಡಿ ಜರುಗುತ್ತೇನೆ, ಮತ್ತೆ ಬ್ರೇಕ್ ಒತ್ತಿದಾಗ ಸ್ವಲ್ಪ ಚಾರ್ಜ್ ವಾಪಸ್.

ಹೈವೇಗೆ ಬಂದರೆ ಆಟ ಬೇರೆ. ನೆಲಮಂಗಲ, ಕುಣಿಗಲ್ ಮೇಲೆ ಹಾಸನಕ್ಕೆ ಒಂದೇ ವೇಗದಲ್ಲಿ ಹೋಗುವಾಗ ನನಗೆ 20.6, ಅವನಿಗೆ 16.5. ಬ್ರೇಕೇ ಹಾಕದಿದ್ದರೆ ಬ್ಯಾಟರಿಗೆ ಏನು ವಾಪಸ್ ಬರುತ್ತೆ? ಕಿ.ಮೀ.ಗೆ ಉಳಿಯುವುದು 1 ರೂಪಾಯಿ 24 ಪೈಸೆ ಅಷ್ಟೇ. ಶಿರಾಡಿ ಘಾಟಿ ಇಳಿಯುವಾಗ ಭಾರಿ ಚಾರ್ಜ್ ಆಗುತ್ತೆ ಅಂದುಕೊಂಡಿದ್ದೆ. ಬ್ಯಾಟರಿ ಒಂದು ಯೂನಿಟ್ ಕರೆಂಟೂ ಹಿಡಿಯದಷ್ಟು ಚಿಕ್ಕದು, ಕೆಲವೇ ತಿರುವುಗಳಲ್ಲಿ ತುಂಬಿಹೋಯಿತು. ಇನ್ನೊಂದು ವಿಷಯ, ಬೆಳಗ್ಗೆ ಎರಡು ಕಿ.ಮೀ. ದೂರದ ಶಾಲೆಗೆ ಮಗಳನ್ನು ಬಿಟ್ಟು ಬಂದರೆ ನನ್ನದೂ 13 ದಾಟುವುದಿಲ್ಲ. ತಣ್ಣಗಿರುವ ಎಂಜಿನ್ ಬಿಸಿಯಾಗಲಿಕ್ಕೇ ಓಡುತ್ತಿರುತ್ತದೆ.

ತಿಂಗಳಿಗೆ ನಾನು ಊರೊಳಗೆ 950, ಹೈವೇಯಲ್ಲಿ 300 ಕಿ.ಮೀ. ಓಡಿಸುತ್ತೇನೆ. ಉಳಿತಾಯ ಸುಮಾರು 4,100 ರೂಪಾಯಿ, ಅದರಲ್ಲಿ ಹೈವೇ ಪಾಲು 400 ಕೂಡ ಇಲ್ಲ. ಕೊಳ್ಳುವಾಗ ಕೊಟೇಷನ್‌ನಲ್ಲಿ ಎರಡು ಕಾರಿನ ನಡುವೆ 2 ಲಕ್ಷ 30 ಸಾವಿರ ವ್ಯತ್ಯಾಸ ಇತ್ತು, ರಸ್ತೆ ತೆರಿಗೆ ಸೇರಿಸಿ. ಅದು ವಾಪಸ್ ಬರೋಕೆ 4 ವರ್ಷ 8 ತಿಂಗಳು ಬೇಕು. ಷೋರೂಮಿನಲ್ಲಿ ಎರಡೇ ವರ್ಷ ಅಂದಿದ್ದರು! ಪೆಟ್ರೋಲ್ ಏರಿದಷ್ಟೂ ಅವಧಿ ಕಮ್ಮಿಯಾಗುತ್ತದೆ ಅನ್ನುವುದು ನಿಜ. 2024ರ ಜೂನ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ 25.92ರಿಂದ 29.84 ಪರ್ಸೆಂಟಿಗೆ ಹೋಗಿ ಲೀಟರಿಗೆ 3 ರೂಪಾಯಿ ಏರಿತಲ್ಲ, ಅಂಥದ್ದೊಂದು ಏರಿಕೆ ಊರೊಳಗೆ ನನಗೆ ಕಿ.ಮೀ.ಗೆ 14 ಪೈಸೆ, ಅವನಿಗೆ 25 ಪೈಸೆ. ಈಗ ನನ್ನ ಮೀಟರ್ 31,400ರಲ್ಲಿದೆ, ಜಾಸ್ತಿ ಕೊಟ್ಟ ದುಡ್ಡಿನಲ್ಲಿ ಒಂದು ಲಕ್ಷದಷ್ಟು ವಾಪಸ್ ಬಂದಿದೆ. ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1 ಲಕ್ಷ 60 ಸಾವಿರ ಕಿ.ಮೀ. ವಾರಂಟಿ ಇದೆ, ಹಾಗಾಗಿ ಅದರ ಖರ್ಚನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಹೋದ ತಿಂಗಳು ಹಾಸನದಲ್ಲಿರುವ ಮಾವನವರು ನಾನೂ ಹೈಬ್ರಿಡ್ ತಗೊಳ್ಳಲಾ ಅಂತ ಕೇಳಿದರು. ತಿಂಗಳಿಗೆ 400 ಕಿ.ಮೀ., ಅದೂ ಹೆಚ್ಚುಕಮ್ಮಿ ಎಲ್ಲ ಹೈವೇ. ಅವರ ಎದುರೇ ಕೂತು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆ. ತಿಂಗಳಿಗೆ 500 ರೂಪಾಯಿ, ದುಡ್ಡು ವಾಪಸ್ ಬರಲು 38 ವರ್ಷ. ಅವರಿಗೆ ಈಗ 71. "ಆಗ ಲೆಕ್ಕ ನೋಡೋಕೆ ನೀನೇ ಬಾರಪ್ಪ" ಅಂದು, ಮಾರನೇ ದಿನ ಮಾಮೂಲಿ ಪೆಟ್ರೋಲ್ ಕಾರು ಬುಕ್ ಮಾಡಿ ಬಂದರು.