ಕಾರಿನ ಅಡಿಗೆ ನುಗ್ಗದೆ ಇಂಜಿನ್ ಆಯಿಲ್ ಬದಲಿಸುವುದು

ಕೊಡಗಿನಲ್ಲಿ ಮನೆ ಮುಂದೆ ಕಾರಿಗೆ ಜಾಕ್ ಹಾಕುವುದೇ ಒಂದು ಭಯ. ಅಂಗಳ ಒಂದೋ ಇಳಿಜಾರು, ಇಲ್ಲವೇ ಮಳೆಗೆ ನೆನೆದು ಮೆತ್ತಗಾದ ಮಣ್ಣು. ಒಂದು ಜುಲೈನಲ್ಲಿ ಟೈರ್ ಬದಲಿಸುವಾಗ ಜಾಕ್ ನನ್ನ ಕಣ್ಣೆದುರೇ ಮಣ್ಣಿಗೆ ಇಳಿಯಿತು, ಕಾರು ಪಕ್ಕಕ್ಕೆ ವಾಲಿತು. ಅಡಿಯಲ್ಲಿ ಯಾರೂ ಇರಲಿಲ್ಲ, ಪುಣ್ಯ. ಆಯಿಲ್ ಬದಲಿಸಲು ಕಾರಿನ ಕೆಳಗೆ ಮಲಗುವುದನ್ನು ಅವತ್ತೇ ಬಿಟ್ಟೆ. ಆಮೇಲೆ ತಂದದ್ದು ಆಯಿಲ್ ಎಕ್ಸ್‌ಟ್ರಾಕ್ಟರ್.

ಇದರಲ್ಲಿ ದೊಡ್ಡ ಗುಟ್ಟೇನಿಲ್ಲ. ಮುಚ್ಚಿದ ಒಂದು ಕ್ಯಾನು, ಮೇಲೆ ಕೈಪಂಪು, ಒಂದು ಸಣ್ಣ ಪೈಪು. ಪಂಪು ಹೊಡೆದರೆ ಕ್ಯಾನಿನ ಗಾಳಿ ಹೊರಗೆ ಹೋಗುತ್ತದೆ, ಆ ಜಾಗಕ್ಕೆ ಪೈಪಿನಲ್ಲಿ ಹಳೆ ಆಯಿಲ್ ಏರಿ ಬರುತ್ತದೆ. ಡಿಪ್‌ಸ್ಟಿಕ್ (ಆಯಿಲ್ ಎಷ್ಟಿದೆ ಎಂದು ನೋಡುವ ಕಡ್ಡಿ) ತೆಗೆದ ತೂತಿನಲ್ಲೇ ಪೈಪು ಇಳಿಸುವುದರಿಂದ, ಹಳೆ ಆಯಿಲ್ ಹೊರಬಿಡಲು ಇಂಜಿನ್ ತಳದಲ್ಲಿರುವ ಡ್ರೈನ್ ಬೋಲ್ಟ್ ಮುಟ್ಟಬೇಕಿಲ್ಲ. ಒಮ್ಮೆ ವರ್ಕ್‌ಶಾಪ್ ಒಂದರಲ್ಲಿ ಆ ಬೋಲ್ಟನ್ನು ಎಷ್ಟು ಬಿಗಿದಿದ್ದರೆಂದರೆ ಥ್ರೆಡ್ಡೇ ಹೋಗಿ, ಮನೆಗೆ ಬರುವಷ್ಟರಲ್ಲಿ ಆಯಿಲ್ ತೊಟ್ಟಿಕ್ಕುತ್ತಿತ್ತು. ಆ ತಲೆನೋವೂ ಈಗಿಲ್ಲ.

ಕೊಳ್ಳುವ ಮೊದಲು ಬಾನೆಟ್ ಎತ್ತಿ ನಿಮ್ಮ ಕಾರಿನ ಆಯಿಲ್ ಫಿಲ್ಟರ್ ಎಲ್ಲಿದೆ ನೋಡಿ. ಮೇಲಿಂದ ಕೈಗೆ ಸಿಕ್ಕರೆ ಎಲ್ಲ ಕೆಲಸವೂ ನಿಂತೇ ಆಗುತ್ತದೆ. ಕೆಳಗಿನಿಂದಲೇ ಬಿಚ್ಚಬೇಕಾದ ಕಾರಾದರೆ ಫಿಲ್ಟರಿಗಾಗಿ ಹೇಗೂ ಅಡಿಗೆ ಹೋಗಬೇಕು, ಆಗ ಈ ಪಂಪಿನಿಂದ ಅಷ್ಟೇನೂ ಲಾಭವಿಲ್ಲ, ಸುಮ್ನೆ ದುಡ್ಡು ಹಾಕಬೇಡಿ. ಕೆಲವು ಕಾರುಗಳಲ್ಲಿ ಡಿಪ್‌ಸ್ಟಿಕ್ ದಾರಿ ತುಂಬಾ ಸಣ್ಣ, ಪೈಪು ತಳ ಮುಟ್ಟುವುದಿಲ್ಲ. ವಾರಂಟಿ ಇನ್ನೂ ಇದ್ದರೆ ಸರ್ವಿಸ್ ಸೆಂಟರಿಗೇ ಹೋಗಿ.

ಕಾರು ನಿಲ್ಲಿಸಲು ಸಮತಟ್ಟು ಜಾಗ ಬೇಕು. ತೋಟದ ಮನೆಗಳಲ್ಲಿ ಅಂಥ ಜಾಗ ಅಂದರೆ ಕಾಫಿ ಒಣಗಿಸುವ ಕಣ ಒಂದೇ, ಅಲ್ವಾ? ಕಣದಲ್ಲಿ ಮಾಡುವುದಾದರೆ ದಪ್ಪ ಟಾರ್ಪಾಲ್ ಹಾಸಿ, ಅದರ ಮೇಲೆ ಹಳೆ ಗೋಣಿಚೀಲ ಹಾಕಿ. ಕಾಫಿ ಬೇರೆ ವಾಸನೆಯನ್ನು ಬೇಗ ಹೀರುತ್ತದೆ, ಸಿಮೆಂಟಿಗೆ ಒಂದು ಹನಿ ಆಯಿಲ್ ಕೂಡ ಬೀಳಬಾರದು. ನಾನು ಕೊಯ್ಲೆಲ್ಲ ಮುಗಿದು ಕಣ ಖಾಲಿಯಾದ ಮೇಲೆ, ಮಳೆ ಹಿಡಿಯುವ ಮೊದಲು ಮೇ ತಿಂಗಳಲ್ಲಿ ಈ ಕೆಲಸ ಇಟ್ಟುಕೊಳ್ಳುತ್ತೇನೆ.

ತಣ್ಣಗಿನ ಆಯಿಲ್ ದಪ್ಪ, ಪೈಪಿನಲ್ಲಿ ಸಲೀಸಾಗಿ ಏರುವುದಿಲ್ಲ. ಐದು ನಿಮಿಷ ಇಂಜಿನ್ ಓಡಿಸಿ, ಆಫ್ ಮಾಡಿ, ಹತ್ತು ನಿಮಿಷ ಬಿಡಿ. ಬೆಚ್ಚಗಿರಬೇಕು, ಕೈ ಸುಡುವಷ್ಟು ಬಿಸಿ ಇರಬಾರದು. ಆಯಿಲ್ ತುಂಬುವ ಮುಚ್ಚಳ ಬಿಚ್ಚಿ. ಡಿಪ್‌ಸ್ಟಿಕ್ ತೆಗೆದು ಪೈಪಿನ ಪಕ್ಕ ಹಿಡಿದು, ಅದರ ಉದ್ದಕ್ಕೆ ಪೈಪಿಗೆ ಒಂದು ಟೇಪು ಸುತ್ತಿ. ಪೈಪು ಆ ಗುರುತು ದಾಟಿ ಸ್ವಲ್ಪ ಒಳಗೆ ಹೋಗಿ ತಳಕ್ಕೆ ತಾಗಬೇಕು. ಬಲವಂತವಾಗಿ ತಳ್ಳಿದರೆ ಒಳಗೆ ಸುರುಳಿಯಾಗಿ ತುದಿ ಮೇಲೆದ್ದು ಗಾಳಿಯನ್ನೇ ಎಳೆಯುತ್ತದೆ.

ಹದಿನೈದಿಪ್ಪತ್ತು ಸಲ ಪಂಪು ಹೊಡೆದು ಬಿಡಿ, ಕಪ್ಪು ಆಯಿಲ್ ತಾನೇ ಇಳಿಯುತ್ತಾ ಹೋಗುತ್ತದೆ. ಗೊಳಗೊಳ ಶಬ್ದ ಬಂದ ಕೂಡಲೇ ಮುಗಿಯಿತು ಅಂದುಕೊಳ್ಳಬೇಡಿ. ಪೈಪು ಒಂದಿಷ್ಟು ಎತ್ತಿ, ತಿರುಗಿಸಿ, ಮತ್ತೆ ಇಳಿಸಿ ಎಳೆಯಿರಿ. ಪ್ರತಿ ಸಲವೂ ಇನ್ನೊಂದಿಷ್ಟು ಬರುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯ ಕೆಲಸ: ಅಳತೆ. ಕ್ಯಾನಿನ ಮೇಲಿನ ಗೆರೆಯಲ್ಲಿ ಎಷ್ಟು ಬಂತು ನೋಡಿ, ಮ್ಯಾನುಯಲ್‌ನಲ್ಲಿ ಬರೆದಿರುವುದರ ಜೊತೆ ಹೋಲಿಸಿ. ಫಿಲ್ಟರಿನೊಳಗೂ ಸ್ವಲ್ಪ ಇರುತ್ತದೆ, ಅದನ್ನು ಬಿಟ್ಟು ಲೆಕ್ಕ ಹಾಕಿ. ಅರ್ಧ ಲೀಟರ್ ಕಡಿಮೆ ಇದ್ದರೆ, ಮೊದಲೇ ಆಯಿಲ್ ಕಡಿಮೆ ಇತ್ತೆಂದು ಡಿಪ್‌ಸ್ಟಿಕ್ ತೋರಿಸಿರದಿದ್ದರೆ, ಹಳೆಯದು ಒಳಗೇ ಉಳಿದಿದೆ. ಅದರ ಮೇಲೆ ಪೂರ್ತಿ ಹೊಸದು ಸುರಿದರೆ ಜಾಸ್ತಿಯಾಗಿ ನೊರೆ ಬರಬಹುದು, ಸೀಲುಗಳು ಸೋರಬಹುದು.

ಫಿಲ್ಟರ್ ಬಿಚ್ಚುವಾಗ ಕೆಳಗೆ ಬಟ್ಟೆ ಇಡಿ. ಹಳೆ ರಬ್ಬರ್ ರಿಂಗ್ ಇಂಜಿನ್‌ಗೇ ಅಂಟಿಕೊಂಡಿದೆಯಾ ಅಂತ ಬೆರಳಾಡಿಸಿ ನೋಡಿ, ಎರಡು ರಿಂಗ್ ಸೇರಿದರೆ ಆಯಿಲೆಲ್ಲ ಹೊರಗೆ. ಹೊಸ ರಿಂಗಿಗೆ ಆಯಿಲ್ ಸವರಿ, ಫಿಲ್ಟರ್ ಡಬ್ಬದ ಮೇಲೆ ಹೇಳಿದಷ್ಟೇ ಕೈಯಲ್ಲಿ ಬಿಗಿಯಿರಿ.

ಹೊಸ ಆಯಿಲ್‌ನ ಗ್ರೇಡ್ (ಆಯಿಲ್ ಎಷ್ಟು ದಪ್ಪ, ಎಷ್ಟು ತೆಳು ಎಂದು ಹೇಳುವ ಸಂಖ್ಯೆ), 5ಡಬ್ಲ್ಯೂ-30 ಇರಲಿ 0ಡಬ್ಲ್ಯೂ-20 ಇರಲಿ, ಮ್ಯಾನುಯಲ್ ಹೇಳಿದ್ದೇ ಹಾಕಿ. ಅರ್ಧ ಲೀಟರ್ ಉಳಿಸಿಕೊಂಡು ಸುರಿಯಿರಿ, ಡಿಪ್‌ಸ್ಟಿಕ್ ನೋಡಿ, ಆಮೇಲೆ ಸ್ವಲ್ಪ ಸ್ವಲ್ಪ ಸೇರಿಸಿ. ಸ್ಟಾರ್ಟ್ ಮಾಡಿದಾಗ ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು, ಆರದಿದ್ದರೆ ತಕ್ಷಣ ಆಫ್ ಮಾಡಿ. ಅಕಸ್ಮಾತ್ ಜಾಸ್ತಿ ಆದರೆ ಇದೇ ಪಂಪಿನಿಂದ ಎಳೆದುಬಿಡಿ.

ಆಯಿಲ್ ತುಂಬುವ ಮುಚ್ಚಳದ ಒಳಗೆ ಬಿಳಿ ಮೊಸರಿನಂಥದ್ದು ಕಂಡರೆ ಕೂಡಲೇ ಗಾಬರಿ ಬೇಡ. ನಮ್ಮ ಚಳಿ ಮಳೆಯಲ್ಲಿ ಅಂಗಡಿ, ಶಾಲೆ ಅಂತ ಚಿಕ್ಕ ಓಡಾಟ ಮಾತ್ರ ಮಾಡುವ ಕಾರುಗಳಲ್ಲಿ ಇಂಜಿನ್ ಪೂರ್ತಿ ಬಿಸಿಯಾಗದೆ ತೇವ ಹಾಗೇ ಉಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲೂ ಅದೇ ಬಣ್ಣ ಇದ್ದರೆ ಮಾತ್ರ ಕೂಲಂಟ್ (ಇಂಜಿನ್ ತಣಿಸುವ ದ್ರವ) ಆಯಿಲ್‌ಗೆ ಸೇರುತ್ತಿರಬಹುದು, ಕಾರು ಓಡಿಸದೆ ಮೆಕ್ಯಾನಿಕ್‌ನ್ನು ಕರೆಸಿ. ತಳದ ಕಸ ಮತ್ತು ಲೋಹದ ಚೂರು ಪಂಪಿಗೆ ಬರುವುದಿಲ್ಲ, ಅದಕ್ಕೆ ನಾನು ಮೂರನೇ ಸಲಕ್ಕೊಮ್ಮೆ ಲಿಫ್ಟ್ ಇರುವ ಕಡೆ ಡ್ರೈನ್ ಬೋಲ್ಟ್ ಬಿಚ್ಚಿಸುತ್ತೇನೆ.

ಹಳೆ ಆಯಿಲನ್ನು ಗೆದ್ದಲಿಗೆ ಅಂತ ಬೇಲಿ ಗೂಟಕ್ಕೆ ಬಳಿಯುವವರಿದ್ದಾರೆ. ದಯವಿಟ್ಟು ಬೇಡ. ಒಂದೇ ಮಳೆಗೆ ಅದು ತೊಳೆದು ತೋಡಿಗೆ ಇಳಿಯುತ್ತದೆ, ನಮ್ಮ ತೋಡುಗಳು ಹೆಚ್ಚಿನವು ಹೋಗುವುದು ಕಾವೇರಿಗೇ. ಹೊಸ ಆಯಿಲ್ ಬಂದ ಡಬ್ಬಕ್ಕೇ ಹಳೆಯದನ್ನು ತುಂಬಿ, ಮುಚ್ಚಳ ಬಿಗಿದು, ವೇಸ್ಟ್ ಆಯಿಲ್ ಶೇಖರಿಸಿ ರಿಸೈಕಲ್‌ಗೆ ಕಳಿಸುವ ಗ್ಯಾರೇಜಿಗೆ ಕೊಡಿ. ಈ ಪಂಪಿನಲ್ಲಿ ಪೆಟ್ರೋಲ್ ಎಂದೂ ಎಳೆಯಬೇಡಿ, ಬೆಂಕಿಯ ಅಪಾಯ. ಬ್ರೇಕ್ ಆಯಿಲ್‌ಗೂ ಬೇಡ, ಅದಕ್ಕೆ ಬೇರೆಯೇ ಸಿರಿಂಜ್ ಇಟ್ಟುಕೊಳ್ಳಿ. ಪೈಪನ್ನು ಕ್ಯಾನಿನ ಮೇಲೆ ತಲೆಕೆಳಗಾಗಿ ಒಂದು ರಾತ್ರಿ ನೇತುಹಾಕಿದರೆ ಉಳಿದ ಹನಿಗಳೂ ಅದರೊಳಗೇ ಬೀಳುತ್ತವೆ.