ಏರ್ ರೈಫಲ್: ಮೊದಲು ಮೈಗೆ ಹೊಂದಿಸಿ, ಆಮೇಲೆ ಪೆಲೆಟ್ ಆರಿಸಿ

ಪಕ್ಕದ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಕಂಚು ಗೆದ್ದ ಮೇಲೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲೂ ಶೂಟಿಂಗ್ ಮಾತು ಜಾಸ್ತಿಯಾಗಿದೆ. ಮಕ್ಕಳು ಶುರು ಮಾಡುವುದು 10 ಮೀಟರ್ ಏರ್ ರೈಫಲ್‌ನಿಂದ. ಕೆಲವು ತಿಂಗಳು ಸ್ಕೋರ್ ಏರುತ್ತದೆ, ಆಮೇಲೆ ನಿಂತುಬಿಡುತ್ತದೆ. ಆಗ ಅಪ್ಪ ಅಮ್ಮ ಕೋಚ್ ಹತ್ತಿರ ಬಂದು ಕೇಳುವುದು ಒಂದೇ: “ಸರ್, ರೈಫಲ್ ಸರಿ ಇಲ್ಲೇನ್ರಿ? ಹೊಸಾದು ಕೊಡಸೋಣೇನ್ರಿ?”

ಬಹಳ ಸಲ ರೈಫಲ್ ಚೆನ್ನಾಗಿಯೇ ಇರುತ್ತದೆ. ಮಗುವಿನ ಮೈಗೆ ಅದನ್ನು ಯಾರೂ ಹೊಂದಿಸಿರುವುದಿಲ್ಲ, ಅಥವಾ ಆ ಬ್ಯಾರೆಲ್‌ಗೆ (ನಳಿಗೆಗೆ) ಒಗ್ಗದ ಪೆಲೆಟ್, ಅಂದರೆ ಸೀಸದ ಪುಟ್ಟ ಗುಂಡು, ಹಾಕುತ್ತಿರುತ್ತಾರೆ. ಲಕ್ಷಗಟ್ಟಲೆ ಸುರಿಯುವ ಮುಂಚೆ ಇವೆರಡನ್ನು ನೋಡಿ.

ಹಂತ 1: ಸುರಕ್ಷತೆ

ಈ ಕೆಲಸ ರೇಂಜ್‌ನಲ್ಲೇ ಆಗಬೇಕು, ಕೋಚ್ ಇರುವಾಗಲೇ ಆಗಬೇಕು. ಒಳಗೆ ಪೆಲೆಟ್ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಬ್ಯಾರೆಲ್ ಖಾಲಿ ಇದೆ ಎಂದು ತೋರಿಸುವ ಸೇಫ್ಟಿ ಫ್ಲ್ಯಾಗ್ ಹಾಕಿ. ಗಾಳಿ ಸಿಲಿಂಡರ್‌ನ ಗಡುವು ಮುಗಿದಿದ್ದರೆ ತುಂಬಿಸಬೇಡಿ. ಅದರ ತಿರುಪಿನ ಥ್ರೆಡ್‌ಗೆ ಮನೆಯಲ್ಲಿರುವ ಎಣ್ಣೆ, ಗ್ರೀಸ್ ಹಚ್ಚಲೇಬೇಡಿ. 200 ಬಾರ್ ಒತ್ತಡದ ಗಾಳಿಯಲ್ಲಿ ಅದು ಹೊತ್ತಿಕೊಳ್ಳುವ ಅಪಾಯವಿದೆ.

ಹಂತ 2: ಬಟ್ ಪ್ಲೇಟ್

ರೈಫಲ್‌ನ ಹಿಂತುದಿಯಲ್ಲಿ ಭುಜಕ್ಕೆ ಒರಗುವ ತಟ್ಟೆಯೇ ಬಟ್ ಪ್ಲೇಟ್. ಅದನ್ನು ಹಿಂದೆ ಮುಂದೆ ಸರಿಸಿ ಉದ್ದ ಹೊಂದಿಸಬೇಕು. ಶೂಟಿಂಗ್ ಜಾಕೆಟ್ ಹಾಕಿಕೊಂಡೇ ಅಳತೆ ನೋಡಿ. ಟೀ ಶರ್ಟ್‌ನಲ್ಲಿ ಸರಿಯಾಗಿದ್ದ ಉದ್ದ ದಪ್ಪ ಜಾಕೆಟ್ ಹಾಕಿದ ಕೂಡಲೇ ಜಾಸ್ತಿಯಾಗುತ್ತದೆ. ತೋರುಬೆರಳಿನ ತುದಿ ಎಳೆಯದೆ, ಮುದುಡದೆ ಟ್ರಿಗರ್ ಮೇಲೆ ಕೂರಬೇಕು. ಅಷ್ಟೇ.

ಹಂತ 3: ಚೀಕ್ ಪೀಸ್

ಕೆನ್ನೆ ಒರಗಿಸುವ ಭಾಗವೇ ಚೀಕ್ ಪೀಸ್. ಮಗು ನಿಂತು, ರೈಫಲ್ ಎತ್ತಿ, ಕಣ್ಣು ಮುಚ್ಚಿ ಅದರ ಮೇಲೆ ಕೆನ್ನೆ ಇಡಲಿ. ಒಂದು ಉಸಿರು ಬಿಟ್ಟು ಕಣ್ಣು ತೆರೆಯಲಿ. ಗುರಿ ನೋಡಲು ಇರುವ ಎರಡು ಸೈಟ್‌ಗಳಲ್ಲಿ ಹಿಂದಿನದರ ರಂಧ್ರದ ನಟ್ಟನಡುವೆ ಮುಂದಿನ ಸೈಟ್ ಕಾಣಬೇಕು. ಕತ್ತು ಎತ್ತಿದರೆ ಮಾತ್ರ ಕಾಣುತ್ತದೆ ಎಂದಾದರೆ ಚೀಕ್ ಪೀಸ್ ಏರಿಸಿ, ಕೆನ್ನೆ ಒತ್ತಬೇಕು ಎಂದಾದರೆ ಇಳಿಸಿ. ಒಂದು ಸಲಕ್ಕೆ ಎರಡು ಮಿಲಿಮೀಟರ್ ಸಾಕು. ಸರಿಹೋದ ಮೇಲೂ ತಲೆ ಮುಂದಕ್ಕೆ ಬಾಗುತ್ತಿದ್ದರೆ ಸೈಟ್‌ಗಳ ಕೆಳಗೆ ಅವನ್ನು ಎತ್ತರಿಸುವ ರೈಸರ್ ಹಾಕಿಸಿ, ತಲೆ ನೆಟ್ಟಗಾಗುತ್ತದೆ. ಕೊನೆಗೆ ಪ್ರತಿ ಅಳತೆಯನ್ನೂ ನೋಟ್‌ಬುಕ್‌ನಲ್ಲಿ ಬರೆದಿಡಿ.

ಚೀಕ್ ಪೀಸ್ ಮೇಲೆ ಅಂಟಿಸುವ ಸ್ಪಂಜಿನ ಪ್ಯಾಡ್ ಕೊಳ್ಳಬೇಡಿ. ಏಪ್ರಿಲ್ ಸೆಖೆಯಲ್ಲಿ ಬೆವರಿಗೆ ಅಂಟು ಬಿಟ್ಟು ಜಾರುತ್ತದೆ, ಕೆನ್ನೆಯ ಜಾಗವೂ ಅದರ ಜೊತೆ ಜಾರುತ್ತದೆ.

ಹಂತ 4: ಟ್ರಿಗರ್

ಕೋಚ್ ಹೊಂದಿಸಲಿ. ವಿಡಿಯೊ ನೋಡಿ ಬಿಚ್ಚಬೇಡಿ.

ಹಂತ 5: ಗ್ರೂಪ್ ಪರೀಕ್ಷೆ

ಒಂದೇ ಗುರಿಗೆ ಹೊಡೆದ ಗುಂಡುಗಳು ಎಷ್ಟು ಹರಡಿ ಬೀಳುತ್ತವೆ ಎಂಬುದೇ ಗ್ರೂಪ್. ಜನ ಎಡವುವುದು ಇಲ್ಲೇ. ನಿಂತುಕೊಂಡು ಹೊಸ ಪೆಲೆಟ್ ಐದು ಹೊಡೆಯುತ್ತಾರೆ, ಒಂದು ಗುಂಡಿಗೆ ಸಿಗುವ ಗರಿಷ್ಠ ಅಂಕ 10.9 ಒಮ್ಮೆ ಬಂತೆಂದು ಹತ್ತು ಡಬ್ಬಿ ಕೊಂಡುಬಿಡುತ್ತಾರೆ. ಅದರಿಂದ ಪೆಲೆಟ್ ಬಗ್ಗೆ ಏನೂ ತಿಳಿಯುವುದಿಲ್ಲ. ನಿಂತು ಹೊಡೆದಾಗ ಮೈಯ ಅಲುಗಾಟವೇ ಪೆಲೆಟ್‌ಗಳ ವ್ಯತ್ಯಾಸವನ್ನು ನುಂಗಿಹಾಕುತ್ತದೆ.

ಹಾಗಾಗಿ ಕುಳಿತು, ಟೇಬಲ್ ಮೇಲೆ ರೈಫಲ್ ಇಟ್ಟು ಹೊಡೆಯಿರಿ. ಹಳೆ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಒಣ ಮರಳು ತುಂಬಿ, ಎರಡೂ ತುದಿ ಹೊಲಿದರೆ ಒಳ್ಳೆಯ ಚೀಲ ಆಗುತ್ತದೆ. ಜೋಳ ತುಂಬಬೇಡಿ, ಹುಳ ಬೀಳುತ್ತದೆ. ಬ್ಯಾರೆಲ್ ಕೂರುವ ಚೌಕಟ್ಟಾದ ಸ್ಟಾಕ್‌ನ ಮುಂಭಾಗ ಚೀಲದ ಮೇಲಿರಲಿ, ಬ್ಯಾರೆಲ್ ಎಲ್ಲಿಗೂ ತಾಗಬಾರದು. ಸ್ಟಾಕ್ ಮೇಲೆ ಪೆನ್ಸಿಲ್ ಗುರುತು ಹಾಕಿ, ಪ್ರತಿ ಸಲ ಅದೇ ಜಾಗ ಚೀಲದ ಮೇಲೆ ಬರುವ ಹಾಗೆ ನೋಡಿಕೊಳ್ಳಿ. ಸ್ಟಾಕ್ ಸ್ಕ್ರೂಗಳು ಕೈಪಿಡಿ ಹೇಳಿದಷ್ಟು ಬಿಗಿ ಇವೆಯಾ ಎಂದು ಶುರುವಿನಲ್ಲೇ ನೋಡಿ. ಒಂದು ಸಡಿಲವಾಗಿದ್ದರೂ ಪರೀಕ್ಷೆ ದಂಡ.

ಮೂರು ಬಗೆಯ ಪೆಲೆಟ್ ಸಾಕು. ಮೂತಿ ಚಪ್ಪಟೆ ಇರುವ ಮ್ಯಾಚ್ ಪೆಲೆಟ್‌ಗಳೇ ಆಗಿರಲಿ. ಆರ್‌ಡಬ್ಲ್ಯುಎಸ್, ಎಚ್ ಆ್ಯಂಡ್ ಎನ್, ಜೆಎಸ್‌ಬಿ ಯಾವುದಾದರೂ ಸರಿ. ಡಬ್ಬಿಯ ಮೇಲೆ 4.49, 4.50, 4.51 ಎಂಬ ತಲೆಯ ಅಳತೆ ಇರುತ್ತದೆ. ಕೆಲವು ಬ್ಯಾರೆಲ್‌ಗಳಲ್ಲಿ ಈ ಕೂದಲೆಳೆಯ ವ್ಯತ್ಯಾಸವೂ ಕಾಗದದ ಮೇಲೆ ಕಾಣುತ್ತದೆ. ಅಗ್ಗದ ಪೆಲೆಟ್‌ಗಳಲ್ಲಿ ಹಿಂಬದಿಯ ಅಂಚು ಸೊಟ್ಟಗಾಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಅಂಥವನ್ನು ಪರೀಕ್ಷೆಗೆ ತರಬೇಡಿ.

ಪೆಲೆಟ್ ಬದಲಿಸಿದಾಗ ಮೊದಲ ಕೆಲವನ್ನು ಲೆಕ್ಕಕ್ಕೆ ಹಿಡಿಯದೆ ಹೊಡೆದುಬಿಡಿ. ಬ್ಯಾರೆಲ್ ಹೊಸ ಸೀಸಕ್ಕೆ ಹೊಂದಿಕೊಳ್ಳಲಿ. ಆಮೇಲೆ ಒಂದು ಕಾಗದಕ್ಕೆ ಐದು. ಹೀಗೆ ಪ್ರತಿ ಬಗೆಗೂ ಐದೈದು ಕಾಗದ. ಒಂದರದ್ದು ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ, ಸರದಿ ಬದಲಿಸುತ್ತಾ ಹೊಡೆಯಿರಿ. ಇಲ್ಲದಿದ್ದರೆ ಕೊನೆಯ ಪೆಲೆಟ್‌ಗೆ ನಿಮ್ಮ ದಣಿವೂ ಸೇರುತ್ತದೆ. ಯಾವ ಡಬ್ಬಿ ಎಂದು ಹೊಡೆಯುವವರಿಗೆ ತಿಳಿಯದಂತೆ ಬೇರೆಯವರು ಎತ್ತಿಕೊಟ್ಟರೆ ಇನ್ನೂ ಒಳ್ಳೆಯದು. ನಡುವೆ ಸೈಟ್ ಮುಟ್ಟಬೇಡಿ. ಗುಂಡುಗಳು 8ರ ರಿಂಗ್‌ನಲ್ಲಿ ಬಿದ್ದರೂ ಪರವಾಗಿಲ್ಲ, ಒತ್ತೊತ್ತಾಗಿ ಬಿದ್ದರೆ ಸಾಕು.

ಅಳೆಯುವುದು ವರ್ನಿಯರ್ ಕ್ಯಾಲಿಪರ್‌ನಿಂದ. ತೂತುಗಳ ಗುಂಪಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಅದರಿಂದ 4.5 ಕಳೆಯಿರಿ. 7 ಮಿ.ಮೀ. ಬಂದರೆ ಗ್ರೂಪ್ 2.5 ಮಿ.ಮೀ. ಅತಿ ಚಿಕ್ಕ ಗ್ರೂಪ್ ನೋಡಿ ಖುಷಿಪಡಬೇಡಿ, ಐದರ ಸರಾಸರಿ ತೆಗೆಯಿರಿ. “ಅದೊಂದು ಸುಮ್ನೆ ಹೋಯ್ತು” ಎಂದು ಹೊರಗೆ ಬಿದ್ದ ತೂತನ್ನು ಬಿಡುವ ಹಾಗಿಲ್ಲ. ಟ್ರಿಗರ್ ತಪ್ಪಾಗಿ ಎಳೆದೆ ಎಂದು ಕಾಗದ ನೋಡುವ ಮುಂಚೆಯೇ ಹೇಳಿದ್ದರೆ ಮಾತ್ರ ಆ ಕಾಗದ ಬಿಟ್ಟು ಹೊಸದಾಗಿ ಹೊಡೆಯಿರಿ.

10ರ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್. ಪೆಲೆಟ್‌ನ ನಡುಭಾಗ ಗುರಿಯ ನಡುವಿನಿಂದ 2.5 ಮಿ.ಮೀ. ಒಳಗಿದ್ದರೆ 10 ಸಿಗುತ್ತದೆ. ಅಲ್ಲಿಂದ ಒಳಕ್ಕೆ ಪ್ರತಿ ಕಾಲು ಮಿಲಿಮೀಟರ್‌ಗೆ 0.1 ಅಂಕ. ಎರಡು ಪೆಲೆಟ್‌ಗಳ ಸರಾಸರಿ ಗ್ರೂಪ್‌ಗಳ ಅಂತರ ಈ ಕಾಲು ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಸುಲಭವಾಗಿ ಸಿಗುವುದನ್ನು, ಕಡಿಮೆ ಬೆಲೆಯದನ್ನು ಕೊಳ್ಳಿ.

ಮುಂದೆ ಪಾಯಿಂಟ್ 22 ರೈಫಲ್‌ಗೆ ಹೋದಾಗಲೂ ಕಾಡತೂಸುಗಳನ್ನು ಲಾಟ್ (ಒಟ್ಟಿಗೆ ತಯಾರಾದ ಕಂತು) ಪ್ರಕಾರ ಹೀಗೇ ಪರೀಕ್ಷಿಸುತ್ತಾರೆ. ಅಲ್ಲಿ ದೂರ 50 ಮೀಟರ್, ಬಯಲಿನಲ್ಲಾದರೆ ಗಾಳಿಯ ಕಾಟವೂ ಇರುತ್ತದೆ. ಗದಗ ಕಡೆಯ ಗಾಳಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೆಳಗಿನ ಹೊತ್ತೇ ಹಿಡಿಯಿರಿ. ಪಾಯಿಂಟ್ 22 ರೈಫಲ್‌ಗೆ ಲೈಸೆನ್ಸ್ ಕಾನೂನುಗಳಿವೆ, ಬ್ಯಾರೆಲ್ ಕತ್ತರಿಸುವಂಥ ಕೆಲಸಕ್ಕೆ ಕೈ ಹಾಕಲೇಬಾರದು.

ಗೆದ್ದ ಪೆಲೆಟ್‌ನ ಲಾಟ್ ನಂಬರ್ ಬರೆದುಕೊಂಡು, ಅದೇ ಲಾಟ್‌ನಿಂದ ಸೀಸನ್‌ಗೆ ಬೇಕಾದಷ್ಟು ಒಟ್ಟಿಗೇ ತನ್ನಿ. ಧಾರವಾಡದ ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟರೆ ಸೀಸದ ಮೇಲೆ ಬಿಳಿ ಪುಡಿ ಕೂರುತ್ತದೆ. ಅದು ವಿಷ. ಅಂಥ ಪೆಲೆಟ್ ಬಳಸಬೇಡಿ. ದಿನದ ಪ್ರಾಕ್ಟೀಸ್ ಮುಗಿಸಿ ಗಿರ್ಮಿಟ್, ಮಿರ್ಚಿಗೆ ಕೈ ಹಾಕುವ ಮುಂಚೆ ಮಕ್ಕಳ ಕೈಯನ್ನು ಸಾಬೂನು ಹಚ್ಚಿ ತೊಳೆಸಿ.