ಹೆಬ್ಬೇವಿನ ಸಾಲುಗಳ ನಡುವೆ ರಾಗಿ, ಅರಿಸಿನ

ಮಂಡ್ಯ ಜಿಲ್ಲೆ ಎಂದೊಡನೆ ಎಲ್ಲರಿಗೂ ನಾಲೆ, ಭತ್ತ, ಕಬ್ಬು ನೆನಪಾಗುತ್ತವೆ. ನಾಗಮಂಗಲ ತಾಲ್ಲೂಕಿನ ನಮ್ಮ ಕೆಮ್ಮಣ್ಣಿನ ಹೊಲಕ್ಕೆ ಇರುವುದು ಮಳೆ ಮತ್ತು ಒಂದು ಕೊಳವೆ ಬಾವಿ. ಎರಡು ಎಕರೆಗೆ ಪ್ಲೈವುಡ್ ಕಾರ್ಖಾನೆಗಳು ಕೊಳ್ಳುವ ಹೆಬ್ಬೇವಿನ ಮರ ಹಾಕಲು ಹೊರಟಾಗ ನಾನು ಹಟ ಹಿಡಿದದ್ದು ಒಂದೇ ವಿಷಯಕ್ಕೆ: ಮರ ಬೆಳೆಯಲಿ, ಆದರೆ ಮನೆಯ ರಾಗಿ ನಿಲ್ಲಬಾರದು.

ಹಾಗಾಗಿ ರಾಗಿಗೆ ಎಷ್ಟು ಬಿಸಿಲು ಬೇಕೆಂದು ನೋಡಿ ಅಂತರ ಗುರುತು ಮಾಡಿದೆ. ಸಾಲಿನಿಂದ ಸಾಲಿಗೆ 8 ಮೀಟರ್, ಗಿಡದಿಂದ ಗಿಡಕ್ಕೆ 4 ಮೀಟರ್. ಎಕರೆಗೆ ಸುಮಾರು 125 ಗಿಡ. 3 ಮೀಟರಿಗೊಂದರಂತೆ ನೆಟ್ಟರೆ ಇದರ ಮೂರೂವರೆ ಪಟ್ಟು ಗಿಡ ಹಿಡಿಯುತ್ತವೆ, ಆದರೆ ಎರಡು ವರ್ಷ ಕಳೆಯುವಷ್ಟರಲ್ಲಿ ಹೊಲ ಹೋಗಿ ತೋಪು ಉಳಿಯುತ್ತದೆ. ಸಾಲುಗಳನ್ನು ಪೂರ್ವ-ಪಶ್ಚಿಮವಾಗಿ ಎಳೆದೆವು. ನಮ್ಮ ಸೀಮೆಯಲ್ಲಿ ಆಗಸ್ಟ್ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆಯೇ ಹಾಯುವುದರಿಂದ ನೆರಳು ಹೆಚ್ಚಾಗಿ ಮರದ ಸಾಲಿನಲ್ಲೇ ಬೀಳುತ್ತದೆ. ರಾಗಿ ತೆಂಡೆ ಒಡೆಯುವುದೂ, ಅಂದರೆ ಬುಡದಿಂದ ಹೊಸ ಕವಲು ಬಿಡುವುದೂ, ಆಗಲೇ.

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಿಂದ ಇದೆ. ಅದರಲ್ಲಿ ನೋಂದಾಯಿಸಿದರೆ ಬದುಕಿ ಉಳಿದ ಸಸಿಗಳ ಲೆಕ್ಕದ ಮೇಲೆ ಮೂರು ವರ್ಷ ಪ್ರೋತ್ಸಾಹಧನ ಸಿಗುತ್ತದೆ.

ಮೊದಲ ಎರಡು ವರ್ಷ ಮರದ ಸಾಲುಗಳ ನಡುವೆ ಪೂರ್ತಿ ರಾಗಿ, ಅಕ್ಕಡಿಯಲ್ಲಿ, ಅಂದರೆ ರಾಗಿಯ ನಡುವೆ ಬಿಡುವ ಸಾಲುಗಳಲ್ಲಿ, ಅವರೆ ಮತ್ತು ಹುಚ್ಚೆಳ್ಳು. ಬೆಳೆಗೆ ಹಾಕಿದ ಕೊಟ್ಟಿಗೆ ಗೊಬ್ಬರದಲ್ಲಿ ಮರಕ್ಕೂ ಪಾಲು.

ಹೆಚ್ಚು ಗಮನ ಬೇಡುವುದು ರೆಂಬೆ ಸವರುವ ಕೆಲಸ. ಪ್ಲೈವುಡ್ ಕಾರ್ಖಾನೆಯಲ್ಲಿ ದಿಮ್ಮಿಯನ್ನು ತಿರುಗಿಸುತ್ತಾ ತೆಳ್ಳಗಿನ ಹಾಳೆಯಾಗಿ ಸುಲಿಯುತ್ತಾರೆ. ಗಂಟು ಇದ್ದ ಕಡೆ ಹಾಳೆ ಕೆಡುತ್ತದೆ, ದರ ಬೀಳುತ್ತದೆ. ಆದ್ದರಿಂದ ಪಕ್ಕದ ರೆಂಬೆ ಹೆಬ್ಬೆರಳಿನ ಗಾತ್ರಕ್ಕೆ ಬರುವ ಮೊದಲೇ ಹರಿತವಾದ ಕತ್ತರಿಯಿಂದ, ಸಿಪ್ಪೆ ಹರಿಯದಂತೆ ತೆಗೆಯುತ್ತೇನೆ. ಕೆಳಗಿನ ಮೂರನೇ ಒಂದು ಭಾಗವನ್ನಷ್ಟೇ ಸವರಿ ಮೇಲಿನ ಹಸಿರನ್ನು ಮುಟ್ಟುವುದಿಲ್ಲ. ನಾಟಾ ನೆಟ್ಟಗಾಗುತ್ತದೆ, ರಾಗಿಗೆ ಬಿಸಿಲು ಇಳಿಯುತ್ತದೆ, ಸೊಪ್ಪು ಮೇಕೆಗಳಿಗೆ. ಈ ಕೆಲಸವನ್ನು ಕೂಲಿಗೆ ಒಪ್ಪಿಸಲು ನನಗೆ ಮನಸ್ಸಿಲ್ಲ.

ಮೂರನೇ ವರ್ಷದಿಂದ ಮರದ ಸಾಲಿನ ಅಕ್ಕಪಕ್ಕ ರಾಗಿಯ ತೆನೆ ಸಣ್ಣದಾಗತೊಡಗಿತು. ಅಲ್ಲಿ ಬೇರುಗಳು ನೀರಿಗಾಗಿ ಪೈಪೋಟಿ ನಡೆಸುತ್ತವೆ, ಜೊತೆಗೆ ನೆರಳು. ಆ ಪಟ್ಟಿಗೆ ಏರುಮಡಿ ಮಾಡಿ, ಹನಿ ನೀರಾವರಿಯ ಪೈಪ್ ಎಳೆದು ಅರಿಸಿನ, ಸುವರ್ಣಗೆಡ್ಡೆ ಇಳಿಸಿದೆ. ಅರೆನೆರಳು ಅರಿಸಿನಕ್ಕೆ ಹಿತ. ಶುಂಠಿಗೆ ಒಳ್ಳೆಯ ದರವಿದೆ ಎಂದು ಹಲವರು ಹೇಳಿದರೂ ನಾನು ಒಪ್ಪಲಿಲ್ಲ. ಅದರ ಕೊಳೆ ರೋಗ ಮಣ್ಣಿನಲ್ಲೇ ಉಳಿದು, ಅದೇ ಕುಟುಂಬದ ಅರಿಸಿನಕ್ಕೂ ತಗುಲಬಹುದು.

ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಮರದ ನೆರಳು ಉತ್ತರದ ಪಟ್ಟಿಗೆ ಚಾಚುತ್ತದೆ. ಆದರೆ ಹೆಬ್ಬೇವು ಎಲೆ ಉದುರಿಸುವುದೂ ಅದೇ ಕಾಲದಲ್ಲಿ. ಕಾಯಿ ಕಟ್ಟುತ್ತಿರುವ ಅವರೆಗೆ ಬೆಳಕು ತೆರೆದುಕೊಳ್ಳುತ್ತದೆ, ಉದುರಿದ ಎಲೆ ಅರಿಸಿನದ ಮಡಿಗೆ ಮುಚ್ಚಿಗೆಯಾಗುತ್ತದೆ. ಈ ಮರವನ್ನು ನಾನು ಇಷ್ಟಪಡಲು ದೊಡ್ಡ ಕಾರಣ ಇದೇ.

ಮರಗಳನ್ನು ಪಹಣಿಯಲ್ಲಿ ನಮೂದಿಸಿಕೊಂಡಿದ್ದೇನೆ. ಏಳನೇ ವರ್ಷಕ್ಕೆ ಎಲ್ಲವನ್ನೂ ಒಟ್ಟಿಗೆ ಕಡಿಯದೆ, ಸಾಲು ಬಿಟ್ಟು ಸಾಲು ಕಡಿಯುವ ಯೋಚನೆ ಇದೆ. ಆಗ ನಡುವಿನ ಪಟ್ಟಿ 16 ಮೀಟರ್ ಅಗಲವಾಗಿ ರಾಗಿಗೆ ಮತ್ತೆ ಪೂರ್ಣ ಬಿಸಿಲು ಸಿಗುತ್ತದೆ. ಉಳಿದ ಮರಗಳು ದಪ್ಪ ದಿಮ್ಮಿಯಾಗಲು ಇನ್ನಷ್ಟು ವರ್ಷ ನಿಲ್ಲಬಹುದು.